ಹಳೆಯ ಗೇರ್ ಕಾರಿಗೆ ಕ್ರೂಸ್ ಕಂಟ್ರೋಲ್: ವ್ಯಾಕ್ಯೂಮೋ, ಮೋಟಾರೋ?

ಕ್ರೂಸ್ ಕಂಟ್ರೋಲ್ ಎಂದರೆ ಆಕ್ಸಿಲರೇಟರ್ ತುಳಿಯದೆಯೇ ಸೆಟ್ ಮಾಡಿದ ವೇಗವನ್ನು ಕಾಯ್ದುಕೊಳ್ಳುವ ಸಾಧನ. ಆಕ್ಸಿಲರೇಟರ್ ಕೇಬಲ್ ಇರುವ ಹಳೆಯ ಕಾರಿಗೆ ಕೂರಿಸುವ ಇಂಥ ಕಿಟ್‌ಗಳಲ್ಲಿ ಎರಡು ಬಗೆ. ಒಂದು ಎಂಜಿನ್ನಿನ ವ್ಯಾಕ್ಯೂಮ್‌ನಿಂದ (ಗಾಳಿ ಹೀರುವ ಸೆಳೆತದಿಂದ) ಕೇಬಲ್ ಎಳೆಯುತ್ತದೆ, ಇನ್ನೊಂದು 12 ವೋಲ್ಟ್ ಮೋಟಾರಿನಿಂದ.

ವ್ಯಾಕ್ಯೂಮಿನದು ಸರಳ. ಆದರೆ ಏರಿನಲ್ಲಿ ಸೋಲುತ್ತದೆ: ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ತೆರೆದಷ್ಟೂ ಮ್ಯಾನಿಫೋಲ್ಡ್‌ನ, ಅಂದರೆ ಗಾಳಿ ಒಳಹೋಗುವ ಕೊಳವೆಯ, ವ್ಯಾಕ್ಯೂಮ್ ಕುಸಿದು, ಎಳೆತ ಬೇಕಾದ ಹೊತ್ತಿಗೇ ಬಲ ಇರುವುದಿಲ್ಲ. ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ಇರುವ, ವ್ಯಾಕ್ಯೂಮ್ ಕೂಡಿಡುವ ರಿಸರ್ವ್ ಡಬ್ಬಿ ಹಾಕಿದರೆ ಸಣ್ಣ ದಿಬ್ಬ ದಾಟೀತು, ಅಷ್ಟೇ. ರಬ್ಬರ್ ಪೈಪ್ ಬಿರುಕುಬಿಟ್ಟರೆ ಐಡ್ಲಿಂಗೂ ಕೆಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್‌ನಿಂದ ಸಾಕಷ್ಟು ವ್ಯಾಕ್ಯೂಮ್ ಸಿಗದ ಕಾರಣ ಬ್ರೇಕಿನ ವ್ಯಾಕ್ಯೂಮ್ ಪಂಪಿಗೇ ಕೈ ಹಾಕಬೇಕು. ಅದು ಬೇಡವೇ ಬೇಡ. ಮೋಟಾರಿನದು ದುಬಾರಿಯಾದರೂ ಏರಿನಲ್ಲಿ ಹಿಡಿತ ಬಿಡುವುದಿಲ್ಲ. ಡೀಸೆಲ್‌ನವರಿಗೆ, ಮಲೆನಾಡಿನ ಕಡೆ ಓಡಾಡುವವರಿಗೆ ಅದೇ ಸರಿ.

ಯಾವುದೇ ಆಗಲಿ, ಕ್ಲಚ್ ಪೆಡಲಿಗೆ ಸ್ವಿಚ್ ಬೇಕೇ ಬೇಕು. ಇಲ್ಲದಿದ್ದರೆ ಕ್ಲಚ್ ತುಳಿದೊಡನೆ ಎಂಜಿನ್ ಕಿರುಚುತ್ತದೆ. ಬ್ರೇಕ್ ಲೈಟಿಗೆ ಎಲ್‌ಇಡಿ ಹಾಕಿಸಿದ್ದೀರಾ? ಹಲವು ಕಿಟ್‌ಗಳು ಹಳೆಯ ಬಲ್ಬಿನೊಳಗಿನ ತಂತಿಯ ಮೂಲಕ ಅರ್ತ್ (ವಿದ್ಯುತ್ ಮರಳುವ ದಾರಿ) ಹುಡುಕುತ್ತವೆ. ಎಲ್‌ಇಡಿಯಲ್ಲಿ ಅದು ಸಿಗದೆ ವೇಗ ‘ಸೆಟ್’ ಆಗುವುದೇ ಇಲ್ಲ. ಒಂದು ರಿಲೇ (ವಿದ್ಯುತ್ತಿನಿಂದ ಚಲಿಸುವ ಸ್ವಿಚ್) ಸೇರಿಸಿದರೆ ಸರಿಹೋಗುತ್ತದೆ.

ಪರೀಕ್ಷೆ ಒಣಗಿದ, ಖಾಲಿ, ನೇರ ರಸ್ತೆಯಲ್ಲಿ. ನಾಲ್ಕನೇ ಗೇರಿನಲ್ಲಿ 60 ಕಿ.ಮೀ.ಗೆ ಸೆಟ್ ಮಾಡಿ, ಬ್ರೇಕನ್ನು ಬೆರಳಷ್ಟೇ ಒತ್ತಿ. ಆಮೇಲೆ ಮತ್ತೆ ಸೆಟ್ ಮಾಡಿ ಕ್ಲಚ್, ಕೊನೆಗೆ ಮುಖ್ಯ ಸ್ವಿಚ್. ಮೂರರಲ್ಲೂ ಕಿಟ್ ತಕ್ಷಣ ಕೇಬಲಿನ ಹಿಡಿತ ಬಿಡಬೇಕು. ವೇಗ ಏರುತ್ತ ಇಳಿಯುತ್ತ ತೂಗಿದರೆ ಮೊದಲು ನೋಡಬೇಕಾದದ್ದು ಕೇಬಲಿನ ಸಡಿಲ, ಆಮೇಲೆ ಸೆನ್ಸಿಟಿವಿಟಿ (ವೇಗ ಬದಲಾದಾಗ ಕಿಟ್ ಎಷ್ಟು ಚುರುಕಾಗಿ ಸ್ಪಂದಿಸಬೇಕು ಎಂಬ) ಸೆಟ್ಟಿಂಗ್.