ಪೋರ್ಷೆ 911 (996): ಹೆಸರು ಕೆಟ್ಟಿದ್ದು ಬೇರಿಂಗ್‌ದು, ಬಿಲ್ ಬರುವುದು ಪ್ಲಾಸ್ಟಿಕ್‌ನದು

996, ಅಂದರೆ ತೊಂಬತ್ತರ ದಶಕದ ಕೊನೆಯಲ್ಲಿ ಬಂದ 911ರ ಪೀಳಿಗೆ, ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ಐಎಂಎಸ್ ಬೇರಿಂಗ್, ಎಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್‌ನ ಬೇರಿಂಗ್. ಆ ಹೆಸರಿಗೇ ಹೆದರಿ ಒಳ್ಳೆಯ ಕಾರು ಬಿಟ್ಟವರಿದ್ದಾರೆ. ಬೇರಿಂಗ್ ಬದಲಿಸಿದ ರಸೀದಿ ಒಂದನ್ನೇ ನಂಬಿ ಗುಜರಿ ಕೊಂಡವರೂ ಇದ್ದಾರೆ. ಬಹುದಿನ ಇಟ್ಟುಕೊಂಡವರಿಗೆ ಗೊತ್ತು, ವರ್ಷವರ್ಷ ಜೇಬಿಗೆ ಕೈ ಹಾಕಿಸುವುದು ಅದಲ್ಲ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಹರಿಯುವ ದಾರಿಯುದ್ದಕ್ಕೂ ಇರುವ ಪ್ಲಾಸ್ಟಿಕ್.

ಆದರೂ ಬೇರಿಂಗ್ ವಿಷಯ ಮೊದಲು ಮುಗಿಸಿಬಿಡೋಣ. ಇಂಟರ್‌ಮೀಡಿಯೆಟ್ ಶಾಫ್ಟ್‌ನ ತುದಿಯಲ್ಲಿ ಸೀಲ್ ಮಾಡಿದ ಬಾಲ್ ಬೇರಿಂಗ್ ಇದೆ. ಕಾಲ ಕಳೆದಂತೆ ಸೀಲ್ ಸಡಿಲವಾಗಿ ಆಯಿಲ್ ಒಳಗೆ ನುಗ್ಗಿ ಗ್ರೀಸ್ ತೊಳೆದುಹೋಗುತ್ತದೆ. ಒಳಸೇರಿದ ಕೊಳೆ ಆಯಿಲ್ ಅಲ್ಲೇ ನಿಂತು ಬೇರಿಂಗ್ ಸವೆಯುತ್ತದೆ. ಅದು ಪುಡಿಯಾದರೆ ಟೈಮಿಂಗ್ ತಪ್ಪಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಆಮೇಲೆ ಬೇಕಾಗುವುದು ಹೊಸ ಎಂಜಿನ್, ಅಂದರೆ ಅಮೆರಿಕದಲ್ಲಿ 15,000 ಡಾಲರ್ ಮೇಲಿನ ಮಾತು. ಮೊದಲ ವರ್ಷಗಳ, ಎರಡು ಸಾಲು ಗುಂಡುಗಳಿರುವ ಬೇರಿಂಗ್ ಗಟ್ಟಿ, ನಂತರ ಬಂದ ಒಂದು ಸಾಲಿನದು ದುರ್ಬಲ. 2013ರಲ್ಲಿ ಅಮೆರಿಕದಲ್ಲಿ ನಡೆದ ಮೊಕದ್ದಮೆಯ ಒಪ್ಪಂದವೂ ಈ ಒಂದು ಸಾಲಿನ ಕಾರುಗಳದ್ದೇ. ಇದೇ ಪೀಳಿಗೆಯ ಟರ್ಬೊ ಮತ್ತು ಜಿಟಿ3 ಮಾದರಿಗಳ ಎಂಜಿನ್ ಬೇರೆಯೇ ವಂಶ, ಅವಕ್ಕೆ ಈ ರೋಗವಿಲ್ಲ. ಅವುಗಳಲ್ಲಿ ಅಂಟು ಹಾಕಿ ಕೂರಿಸಿದ ಕೂಲಂಟ್ ಪೈಪ್‌ಗಳು ಕಳಚಿಕೊಳ್ಳುತ್ತವೆ, ಎಂಜಿನ್ ಇಳಿಸಿ ವೆಲ್ಡ್ ಮಾಡಿಸಬೇಕು.

ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗಾಗಿ ಕ್ಲಚ್ ಸವೆದಾಗ ಅದರ ಜೊತೆಗೇ ಬೇರಿಂಗ್, ಹಿಂಬದಿಯ ಕ್ರ್ಯಾಂಕ್ ಸೀಲ್ ಎರಡನ್ನೂ ಮಾಡಿಸಿದರೆ ಕೂಲಿ ಒಂದೇ ಸಲ. ಸ್ವತಂತ್ರ ಗ್ಯಾರೇಜಿನಲ್ಲಿ ಎಲ್ಲ ಸೇರಿ 3,000ದಿಂದ 4,000 ಡಾಲರ್ ಆಸುಪಾಸು. ಒಮ್ಮೆ ಮಾಡಿಸಿದರೆ ಆ ಚಿಂತೆ ಬಹುಕಾಲ ಇರುವುದಿಲ್ಲ.

ಕೂಲಂಟ್ ಚಿಂತೆ ಹಾಗಲ್ಲ, ಬಿಡುವೇ ಕೊಡುವುದಿಲ್ಲ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ 20 ಲೀಟರಿಗೂ ಮಿಕ್ಕಿದ ಕೂಲಂಟ್ ಕಾರಿನುದ್ದಕ್ಕೂ ಓಡಾಡಬೇಕು. ಇಷ್ಟು ದೊಡ್ಡ ವ್ಯವಸ್ಥೆಯ ಒತ್ತಡವನ್ನೆಲ್ಲ ಹೊರುವುದು ಎಂಜಿನ್ ಕೋಣೆಯ ಬಲಗಡೆಯ ಒಂದು ಪ್ಲಾಸ್ಟಿಕ್ ತೊಟ್ಟಿ. ವರ್ಷಗಟ್ಟಲೆ ಕಾದು ತಣಿದು ಅದು ಹಳದಿಗಟ್ಟಿ, ಜೋಡಣೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ನೆಲದ ಮೇಲೆ ಹನಿ ಕಾಣುವ ಮುಂಚೆಯೇ ಸಿಹಿ ವಾಸನೆ ಬರುತ್ತದೆ. ತೊಟ್ಟಿ 200ರಿಂದ 300 ಡಾಲರ್, ಗ್ಯಾರೇಜಿನಲ್ಲಿ ಹಾಕಿಸಿದರೆ ಅದರ ಮೂರು ಪಟ್ಟು. ತೊಟ್ಟಿ ಬದಲಿಸುವ ಮೊದಲು ಮುಚ್ಚಳ ನೋಡಿ. ಅದರ ಮೇಲಿನ ಸಂಖ್ಯೆಯ ಕೊನೆಯಲ್ಲಿ 04 ಇಲ್ಲದಿದ್ದರೆ ಅದು ಹಳೆಯ ಮಾದರಿ. ಮುಚ್ಚಳವೇ ಸೋರುತ್ತಿರುವಾಗ ತೊಟ್ಟಿಗೆ ದುಡ್ಡು ಸುರಿದವರು ಬೇಕಾದಷ್ಟು ಮಂದಿ.

ವಾಟರ್ ಪಂಪಿನ ಇಂಪೆಲ್ಲರ್, ಅಂದರೆ ಕೂಲಂಟನ್ನು ತಳ್ಳುವ ಎಸಳುಚಕ್ರ, ಕೂಡ ಪ್ಲಾಸ್ಟಿಕ್ಕೇ. ಅದು ಮುರಿದರೆ ಚೂರುಗಳು ಎಂಜಿನ್ನಿನ ಒಳದಾರಿಗಳಲ್ಲಿ ಸಿಕ್ಕಿಕೊಂಡು ಹೆಡ್‌ನ ಒಂದು ಮೂಲೆ ಮಾತ್ರ ಕಾಯುತ್ತದೆ. ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾದರೆ ಲೋಹದ ಇಂಪೆಲ್ಲರ್ ಹಾಕೋಣ ಅನ್ನಿಸುತ್ತದೆ. ಬೇಡ. ಪಂಪಿನ ಬೇರಿಂಗ್ ಸಡಿಲವಾದ ದಿನ ಲೋಹದ ಎಸಳು ಎಂಜಿನ್ ಬ್ಲಾಕನ್ನೇ ಕೊರೆಯುತ್ತದೆ, ಪಂಪಿನ ಅರ್ಧ ಗೂಡು ಬ್ಲಾಕಿನ ಭಾಗವಾಗಿರುವುದರಿಂದ. ಅಸಲಿ ಪಂಪನ್ನೇ ತಂದು, ಕೆಡುವ ಮುಂಚೆ, 50,000 ಮೈಲಿಗೊಮ್ಮೆ ಥರ್ಮೋಸ್ಟಾಟ್ ಸಮೇತ ಬದಲಿಸುವುದು ಜಾಣತನ. ಪುಲ್ಲಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಸ್ವಲ್ಪ ಆಡಿದರೂ ಮುಂದೂಡಬೇಡಿ.

ಕೂಲಂಟ್ ಮರಳಿ ತುಂಬುವಾಗ ಗಾಳಿ ಹೀರಿ ತುಂಬುವ ವ್ಯಾಕ್ಯೂಮ್ ಫಿಲ್ಲರ್ ಬಳಸಿ. ಬರೀ ಸುರಿದರೆ ಮುಂದಿನ ರೇಡಿಯೇಟರುಗಳಲ್ಲಿ ಗಾಳಿ ಸಿಕ್ಕಿಕೊಂಡು ತಾಪಮಾನದ ಮುಳ್ಳು ಏರಿಳಿಯುತ್ತದೆ. ಆ ಮುಳ್ಳಿನದೂ ಒಂದು ಲೆಕ್ಕ: ಅಮೆರಿಕದ ಕಾರಿನಲ್ಲಿ 180 ಎಂದು ಬರೆದಿರುವ ಕಡೆ 8 ಮತ್ತು 0 ನಡುವೆ ನಿಂತರೆ ಸರಿ. ಟ್ರಾಫಿಕ್‌ನಲ್ಲಿ ಸೊನ್ನೆ ದಾಟಿ ಬಲಕ್ಕೆ ಹೋಗುತ್ತಿದ್ದರೆ ಬಂಪರ್ ಬಿಚ್ಚುವ ಕಾಲ ಬಂತು. ಮುಂದಿನ ಬಾಯಿಗಳಿಂದ ಒಣಗಿದ ಎಲೆ ಒಳಗೆ ಸೇರಿ ಎಸಿ ಕಂಡೆನ್ಸರಿನ ಮುಂದೆ ರಾಶಿಯಾಗುತ್ತದೆ, ಒದ್ದೆಯಾಗಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ ಬಂಪರ್ ತೆಗೆದು ಶುಚಿ ಮಾಡುವುದಕ್ಕೆ ದುಡ್ಡು ಬೇಕಿಲ್ಲ. ಮಾಡದಿದ್ದರೆ ಎರಡು ಕಂಡೆನ್ಸರ್, ಎರಡು ರೇಡಿಯೇಟರ್.

ಎಂಜಿನ್ನಿನೊಳಗಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಏರ್-ಆಯಿಲ್ ಸೆಪರೇಟರ್ ಇನ್ನೊಂದು ಪ್ಲಾಸ್ಟಿಕ್ ಡಬ್ಬಿ. ಒಳಗಿನ ಪೊರೆ ಹರಿದರೆ ಸ್ಟಾರ್ಟ್ ಮಾಡಿದಾಗ ಬೀದಿ ತುಂಬ ಬಿಳಿ ಹೊಗೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ಎತ್ತಿ ನೋಡಿ. ಹೀರಿ ಹಿಡಿದುಕೊಂಡು ಬಿಡದಿದ್ದರೆ ಪೊರೆ ಹೋಗಿದೆ. ಡಬ್ಬಿಯ ಬೆಲೆ ದೊಡ್ಡದಲ್ಲ, ಕೈ ತೂರದ ಜಾಗದಲ್ಲಿ ಕೂರಿಸಿದ್ದಾರೆ, ಕೂಲಿ ಅದಕ್ಕೇ.

ಇಷ್ಟೆಲ್ಲ ಬೈದ ಮೇಲೂ ಈ ಕಾರನ್ನು ಇಟ್ಟುಕೊಳ್ಳುವವರು ಯಾಕೆ ಇಟ್ಟುಕೊಳ್ಳುತ್ತಾರೆ ಎಂಬುದು ಆಯಿಲ್ ಬದಲಿಸುವ ದಿನ ತಿಳಿಯುತ್ತದೆ. ಕಂಪನಿಯ ಲೆಕ್ಕ 15,000 ಮೈಲಿ; ಅದನ್ನು ಮರೆತು 5,000ಕ್ಕೆ ಮಾಡಿ. ಬಿಸಿ ಎಂಜಿನ್ನಿನಿಂದ ಎಂಟು ಲೀಟರಿಗೂ ಹೆಚ್ಚು ಆಯಿಲ್ ಇಳಿಯುತ್ತದೆ, ದೊಡ್ಡ ಪಾತ್ರೆಯೇ ಬೇಕು. ಫಿಲ್ಟರ್ ಡಬ್ಬಿಯನ್ನು 74 ಮಿಮೀ ಟೋಪಿ ಸ್ಪ್ಯಾನರ್‌ನಿಂದ ತಿರುಗಿಸಿ ತೆಗೆದು, ಒಳಗಿನ ಕಾಗದದ ಫಿಲ್ಟರಿನ ಎರಡೂ ತುದಿ ಬ್ಲೇಡಿನಿಂದ ಕತ್ತರಿಸಿ, ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಉದ್ದಕ್ಕೆ ಬಿಡಿಸಿ ಹಾಸಿ. ಆಯಿಲ್ ಇಳಿದು ಆರಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಮೇಲೆ ಅಯಸ್ಕಾಂತ ಆಡಿಸಿ. ಮಿನುಗುವ ಚೂರು ಅಯಸ್ಕಾಂತಕ್ಕೆ ಹಾರಿ ಅಂಟಿದರೆ ಉಕ್ಕು, ಬೇರಿಂಗಿನ ಮೇಲೆ ಅನುಮಾನ, ಕಾರನ್ನು ಓಡಿಸಬೇಡಿ. ಅಂಟದಿದ್ದರೆ ಅಲ್ಯೂಮಿನಿಯಂ. ಕಂದು ಬಣ್ಣದ ಪ್ಲಾಸ್ಟಿಕ್ ಕಣಗಳು ಟೈಮಿಂಗ್ ಚೈನ್ ಜಾರುವ ಪಟ್ಟಿಯವು, ವಯಸ್ಸಾದ ಎಂಜಿನ್ನಿನಲ್ಲಿ ಒಂದೆರಡು ಸಿಕ್ಕರೆ ಗಾಬರಿ ಬೇಡ. ಜೋಡಿಸುವಾಗ ಡ್ರೇನ್ ಪ್ಲಗ್ 50 ನ್ಯೂಟನ್ ಮೀಟರ್, ಫಿಲ್ಟರ್ ಡಬ್ಬಿ 25. ಕಾರಿನ ಆರೋಗ್ಯದ ಬಗ್ಗೆ ಇಷ್ಟು ಅಗ್ಗದಲ್ಲಿ ಇಷ್ಟು ನಿಖರವಾಗಿ ಹೇಳುವ ಪರೀಕ್ಷೆ ಇನ್ನೊಂದಿಲ್ಲ.

ದಿನದ ಚಟವೂ ಒಂದು ಅಂಟಿಕೊಳ್ಳುತ್ತದೆ. ಎಡಗೈಯಲ್ಲಿ ಕೀ ಅರ್ಧ ತಿರುಗಿಸಿ, ಆಯಿಲ್ ಮಟ್ಟದ ಗೆರೆಗಳು ಪರದೆಯ ಮೇಲೆ ಮೂಡುವ ತನಕ ಕಾದು, ಆಮೇಲಷ್ಟೇ ಸ್ಟಾರ್ಟ್. ಎಂಜಿನ್ ಪೂರ್ತಿ ಕಾಯುವವರೆಗೆ 3,000 ಆರ್‌ಪಿಎಂ ದಾಟಿಸುವುದಿಲ್ಲ. ಕಾದ ಮೇಲೆ ಐಡಲ್‌ನಲ್ಲಿ ಆಯಿಲ್ ಒತ್ತಡ 1.5 ಬಾರ್ ಆಸುಪಾಸಿಗೆ ಇಳಿಯುವುದು ಸಹಜ, ಹೊಸಬರು ಹೆದರುತ್ತಾರೆ.

ಅಗ್ಗದ ಸಂತೋಷಗಳೂ ಇವೆ. ಕೀ ಸರಿಯಾಗಿ ಹಿಂದಿರುಗದೆ ಬ್ಲೋವರ್ ಸತ್ತುಹೋದರೆ ಇಗ್ನಿಷನ್ ಸ್ವಿಚ್ಚಿನ ವಿದ್ಯುತ್ ಭಾಗ ಹೋಗಿದೆ ಎಂದರ್ಥ. ಅದೇ ಭಾಗ ಹಳೆಯ ಆಡಿಯಲ್ಲೂ ಇದೆ, ಸುಮಾರು 20 ಡಾಲರ್. ಬ್ಯಾಟರಿ ಬಿಚ್ಚಿ, ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಎರಡು ಚಿಕ್ಕ ಸ್ಕ್ರೂ ಸಡಿಲಿಸಿದರೆ ಕೆಲಸ ಮುಗಿಯಿತು. ಮಳೆಯಲ್ಲಿ ಮಾತ್ರ ಮಿಸ್‌ಫೈರ್ ಆದರೆ ಇಗ್ನಿಷನ್ ಕಾಯಿಲ್ ಮೈಯಲ್ಲಿ ಬಿರುಕಿರುತ್ತದೆ. ಆರನ್ನೂ ಒಟ್ಟಿಗೆ ಬದಲಿಸಿ, ಹೇಗೂ ಸ್ಪಾರ್ಕ್ ಪ್ಲಗ್‌ಗೆ ಅದೇ ದಾರಿ.

ಸ್ಪ್ಯಾನರ್ ಹಿಡಿಯಲು ಬರುವವರಿಗೆ, ವಾರಾಂತ್ಯದಲ್ಲಿ ಮಾತ್ರ ಓಡಿಸುವವರಿಗೆ, ಟೈರು ಮತ್ತು ವಿಮೆ ಬಿಟ್ಟು ವರ್ಷಕ್ಕೆ 2,000 ಡಾಲರ್ ತೆಗೆದಿಟ್ಟರೆ ಸಾಕು. ಪ್ರತಿಯೊಂದಕ್ಕೂ ಗ್ಯಾರೇಜಿಗೆ ಹೋಗುವವರು ಅದರ ದುಪ್ಪಟ್ಟು ಇಡಲಿ, ಇಲ್ಲವೇ ಬೇರೆ ಕಾರು ನೋಡಲಿ. ಊರಿಗೆ ಸಾಗಿಸುವ ಆಸೆಯಿದ್ದರೆ ಬಿಡಿ, ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಭಾರತದ ಆಮದು ನಿಯಮ ಒಳಗೆ ಬಿಡುವುದಿಲ್ಲ.

ಯಾವ ವರ್ಷದ್ದು ಎಂದರೆ, 2002ರ ಮಾದರಿಯಿಂದ ಈಚಿನ 3.6 ಲೀಟರ್ ಎಂಜಿನ್ನಿನದು ಹೆಚ್ಚು ಬಲದ್ದು, ಬೇರಿಂಗ್ ಮಾತ್ರ ಒಂದು ಸಾಲಿನದು. ನನ್ನ ಓಟು 1999ರ ಹಿಂಚಕ್ರ ಚಾಲನೆಯ ಮ್ಯಾನ್ಯುವಲ್ ಕೂಪೆಗೆ: ಕೇಬಲ್ ಆಕ್ಸಿಲರೇಟರ್, ಎಂಜಿನ್ ಬದಲಾಗಿರದಿದ್ದರೆ ಬಹುಪಾಲು ಎರಡು ಸಾಲಿನ ಬೇರಿಂಗ್, ಬೆಲೆಯೂ ಕಮ್ಮಿ. ಗ್ಲೋವ್ ಬಾಕ್ಸ್ ಮಾತ್ರ ಇಲ್ಲ, ಅದನ್ನು ಕೊಟ್ಟದ್ದು 2002ರಲ್ಲಿ.