ಕೀ ಮಾರದೆ ಲೈಸೆನ್ಸ್ ಸರಿ ಮಾಡಿದ ಅಂಗಡಿ

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯಲ್ಲಿ, ಮೊದಲ ಮಹಡಿಯಲ್ಲಿರುವ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕ್ರಯಪತ್ರ, ಸೊಸೈಟಿ ನೋಟೀಸು, ಏನು ಬಂದರೂ ಸರಿ. ಲ್ಯಾಪ್‌ಟಾಪ್ ತುಂಬಾ ನಿಧಾನ ಆಗಿತ್ತು ಅಂತ ಹಿಂದೆ ಬೇರೆ ಕಡೆ ಕೊಟ್ಟು, ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದೆ. ವೇಗವೇನೋ ಬಂತು. ಆದರೆ ಕೆಲವು ತಿಂಗಳಾದ ಮೇಲೆ ಪರದೆಯ ಬಲಗಡೆ ಕೆಳಗೆ ‘ಆಕ್ಟಿವೇಟ್ ವಿಂಡೋಸ್’ ಅಂತ ಮಾಸಲು ಅಕ್ಷರ ಬಂದು ಕೂತಿತು. ಏನು ಮಾಡಿದರೂ ಹೋಗಲಿಲ್ಲ. ಪ್ರೂಫ್ ನೋಡಲು ಬಂದವರು ಪಕ್ಕದಲ್ಲಿ ಕೂತಾಗ ಅದು ಸರಿಯಾಗಿ ಕಲ್ಯಾಣ ಮಂಟಪದ ವಿಳಾಸದ ಮೇಲೆ ಕಾಣುತ್ತಿತ್ತು. “ಇದೂ ಪ್ರಿಂಟ್ ಆಗುತ್ತಾ ಮೇಡಂ?” ಅಂತ ಕೇಳುವವರು.

ಸೆಟ್ಟಿಂಗ್ಸ್‌ಗೆ ಹೋಗಿ ಟ್ರಬಲ್‌ಶೂಟ್ ಒತ್ತಿದರೆ ಸಿಕ್ಕ ಉತ್ತರ ಇನ್ನೂ ಚೆನ್ನಾಗಿತ್ತು. ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸರ್ವರ್ ಸಿಗುತ್ತಿಲ್ಲವಂತೆ. ನಮ್ಮ ಸಂಸ್ಥೆ ಅಂದರೆ ನಾನು, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಮಷೀನು.

ವಿಚಾರಿಸಿದ ಕಡೆಯೆಲ್ಲ ಸಿಕ್ಕಿದ್ದು ಎರಡೇ ಸಲಹೆ. ವಿಂಡೋಸ್‌ನ ಹೊಸ ಕೀ, ಅಂದರೆ ಲೈಸೆನ್ಸಿನ ಗುಪ್ತಸಂಕೇತ ಕೊಂಡುಕೊಳ್ಳಿ, ಇಲ್ಲವಾದರೆ ಕಳ್ಳದಾರಿಯಲ್ಲಿ ಆಕ್ಟಿವೇಟ್ ಮಾಡುವ ಕ್ರ್ಯಾಕ್ ಹಾಕಿಸಿ. “ಸುಮ್ನೆ ಐದು ನಿಮಿಷ ಆ್ಯಂಟಿವೈರಸ್ ಆಫ್ ಮಾಡಿದ್ರೆ ಸಾಕು” ಅಂದರು ಒಬ್ಬರು. ಊರವರ ಆಧಾರ್ ಪ್ರತಿ, ಕ್ರಯಪತ್ರ ಎಲ್ಲಾ ನನ್ನ ಮಷೀನಿನಲ್ಲೇ ಇವೆ. ಯಾರೋ ಮಾಡಿಟ್ಟ ಫೈಲಿಗೆ ಬಾಗಿಲು ತೆಗೆದು ಕೂರಿಸೋಕಾಗುತ್ತಾ?

ಈ ಅಂಗಡಿಯ ಹುಡುಗ ಮೊದಲು ಕೇಳಿದ್ದೇ ಬೇರೆ. “ಅಕ್ಕಾ, ಹೊಸದಾಗಿ ತಗೊಂಡಾಗ ಇದರಲ್ಲಿ ವಿಂಡೋಸ್ ಇತ್ತಾ?” ಇತ್ತು ಅಂದೆ. “ಹಾಗಾದ್ರೆ ಕೀ ಇದರೊಳಗೇ ಇದೆ, ದುಡ್ಡು ಯಾಕೆ ಹಾಕ್ತೀರ?”

ವಿಂಡೋಸ್ 8 ಬಂದಾಗಿನಿಂದ ಕಂಪನಿಯವರು ಕೀಯನ್ನು ಸ್ಟಿಕ್ಕರಿನಲ್ಲಿ ಅಚ್ಚು ಹಾಕುವ ಬದಲು ಮದರ್‌ಬೋರ್ಡಿನಲ್ಲೇ ಬರೆದು ಕಳಿಸುತ್ತಾರೆ. ಡಿಸ್ಕ್ ಬದಲಿಸಿದರೂ, ಫಾರ್ಮ್ಯಾಟ್ ಹೊಡೆದರೂ ಅದು ಅಳಿಸುವುದಿಲ್ಲ. ಅವನು ಪವರ್‌ಶೆಲ್ ತೆಗೆದು ಒಂದು ಸಾಲು ಟೈಪ್ ಮಾಡಿದ. 25 ಅಕ್ಷರದ ಕೀ ಕಣ್ಣ ಮುಂದೆ ಬಂತು. ಇಷ್ಟು ದಿನ ನನ್ನ ಕೈ ಕೆಳಗೇ ಇತ್ತು ಅದು!

ಹಾಗಾದರೆ ಅದನ್ನೇ ಹಾಕಿಬಿಡಿ ಅಂದೆ. ಹಾಗೆ ಆಗಲ್ಲವಂತೆ. ನನ್ನ ಕೀ ಇರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಎಂಬ ಆವೃತ್ತಿಗೆ. ನಮ್ಮಲ್ಲಿ ಮನೆ ಬಳಕೆಗೆ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಇರುತ್ತದೆ. ಎಸ್‌ಎಸ್‌ಡಿ ಹಾಕಿದವರು ತುಂಬಿದ್ದು ‘ಪ್ರೊ’. ಹೋಮ್ ಕೀಗೆ ಪ್ರೊ ಒಪ್ಪುವುದಿಲ್ಲ. ಅದಕ್ಕೇ ಅವರು ದೊಡ್ಡ ಕಂಪನಿಗಳ ದಾರಿ ಹಿಡಿದಿದ್ದರು. ಕಂಪನಿಗಳಲ್ಲಿ ಅವರದೇ ಒಂದು ಸರ್ವರ್ ಇರುತ್ತದೆ. ಅಲ್ಲಿನ ಕಂಪ್ಯೂಟರುಗಳು 180 ದಿನದ ಒಳಗೆ ಒಮ್ಮೆಯಾದರೂ ಅದಕ್ಕೆ ಹಾಜರಿ ಹಾಕಬೇಕು. ನನ್ನ ಮಷೀನಿಗೆ ಅವರು ಹಾಕಿದ್ದ ಕ್ರ್ಯಾಕ್ ಆ ಸರ್ವರಿನ ವೇಷ ಹಾಕಿದ ಪ್ರೋಗ್ರಾಂ. ಅದನ್ನು ಆ್ಯಂಟಿವೈರಸ್ ಹಿಡಿದು ಅಳಿಸಿತು, ಹಾಜರಿ ತಪ್ಪಿತು. ಇಲ್ಲದ ಸಂಸ್ಥೆಯ ಸರ್ವರನ್ನು ವಿಂಡೋಸ್ ಹುಡುಕುತ್ತಿದ್ದದ್ದು ಇದಕ್ಕೇ.

ಪ್ರೊ ಇಂದ ಹೋಮ್‌ಗೆ ಹಿಂದೆ ಬರಲು ಹೊಸದಾಗಿ ಹಾಕುವುದೇ ದಾರಿ. ‘ಸಿಂಗಲ್ ಲ್ಯಾಂಗ್ವೇಜ್’ ಅಂದಕೂಡಲೇ ನನಗೆ ಕನ್ನಡದ ಚಿಂತೆ. ಆ ನಿಯಮ ಮೆನುಗಳ ಭಾಷೆಗೆ ಮಾತ್ರ, ಟೈಪ್ ಎಷ್ಟು ಭಾಷೆಯಲ್ಲಾದರೂ ಮಾಡಬಹುದು ಅಂದ. ನಿಜ, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಈಗ ಮೊದಲಿನಂತೆಯೇ ಓಡುತ್ತಿದೆ.

ಕೆಲಸ ನನ್ನ ಎದುರಿಗೇ ನಡೆಯಿತು. ಇದು ನನಗೆ ತುಂಬಾ ಹಿಡಿಸಿತು. ಫೈಲುಗಳು ನನ್ನದೇ ಹೊರಗಿನ ಡಿಸ್ಕಿಗೆ ಹೋದವು, ಅವರ ಕಂಪ್ಯೂಟರಿಗೆ ಅಲ್ಲ. ಎರಡು ಮೂರು ಫೈಲು ತೆಗೆದು ತೋರಿಸಿದ ಮೇಲೇ ಫಾರ್ಮ್ಯಾಟ್. ಮೈಕ್ರೋಸಾಫ್ಟ್‌ನವರೇ ಪುಕ್ಕಟೆ ಕೊಡುವ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಮಾಡಿದ ಪೆನ್‌ಡ್ರೈವ್ ಚುಚ್ಚಿದ. ಸೆಟಪ್ಪು ಕೀ ಕೇಳಲಿಲ್ಲ, ಆವೃತ್ತಿ ಯಾವುದು ಅಂತಲೂ ಕೇಳಲಿಲ್ಲ. ಬೋರ್ಡಿನಿಂದ ತಾನೇ ಓದಿಕೊಂಡಿತು. ನೆಟ್ ಸಿಕ್ಕ ಸ್ವಲ್ಪ ಹೊತ್ತಿಗೆ ಆಕ್ಟಿವೇಟ್ ಆಯಿತು.

ನೀವೂ ನೋಡಿಕೊಳ್ಳಬಹುದು. ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ಎಸ್‌ಎಲ್‌ಎಂಜಿಆರ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು, ಸ್ಲ್ಯಾಷ್ ಹಾಕಿ ಡಿಎಲ್‌ವಿ ಅಂತ ಕೊಟ್ಟು ಎಂಟರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ‘ಓಇಎಂ’ ಅಂತಿದ್ದರೆ ಅದು ಲ್ಯಾಪ್‌ಟಾಪ್ ಜೊತೆ ಬಂದ ಲೈಸೆನ್ಸು. ನಿಮ್ಮ ಸ್ವಂತ ಮಷೀನಿನಲ್ಲಿ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಅಂತಿದ್ದರೆ ಅದು ಆ ಕಂಪನಿ ಸರ್ವರಿನ ದಾರಿ, ಹಾಕಿಕೊಟ್ಟವರನ್ನು ಹೋಗಿ ಕೇಳಿ. ಒಂದು ಮಾತು ಅವನೇ ಎಚ್ಚರಿಸಿದ: ಈ ಲೈಸೆನ್ಸಿಗೆ ಬೋರ್ಡೇ ಆಧಾರ. ಮದರ್‌ಬೋರ್ಡ್ ಸುಟ್ಟು ಬೇರೆಯದು ಹಾಕಿಸಿದರೆ ಲೈಸೆನ್ಸೂ ಹೋಗಬಹುದು.

ಕೂಲಿ 600 ರೂಪಾಯಿ. ಕೀ ಅಂತ ಒಂದು ಪೈಸೆಯೂ ಇಲ್ಲ. ನನಗೆ ಏನೂ ಗೊತ್ತಿಲ್ಲ ಅಂತ ಅವನಿಗೆ ಗೊತ್ತಿತ್ತು. ಬೇಕಿದ್ದರೆ ಸಾವಿರಾರು ರೂಪಾಯಿಯ ಕೀ ಮಾರಬಹುದಿತ್ತು, ಅಲ್ವಾ?

ಇನ್ನು ಕಡಿಮೆಯಾದ ಆ ಒಂದು ಸ್ಟಾರ್. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೋ ಎಲ್ಲಾ ಬ್ಯಾಕಪ್ ಮಾಡಿದವರು ಫಾಂಟುಗಳನ್ನು ಮರೆತರು. ಮನೆಗೆ ಬಂದು ಹಳೆಯ ಪೇಜ್‌ಮೇಕರ್ ಫೈಲ್ ತೆಗೆದರೆ ‘ಶ್ರೀ ಗಣೇಶಾಯ ನಮಃ’ ಇರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಮತ್ತೆ ನುಡಿ ಹಾಕಿಕೊಂಡು, ಗೆಳತಿಯೊಬ್ಬಳಿಂದ ಉಳಿದ ಫಾಂಟು ತರಿಸಿಕೊಳ್ಳುವಷ್ಟರಲ್ಲಿ ಸಾಕಾಯಿತು. ಕನ್ನಡದಲ್ಲಿ ಡಿಟಿಪಿ ಮಾಡುವವರು ಲ್ಯಾಪ್‌ಟಾಪ್ ಕೊಡುವಾಗಲೇ ಫಾಂಟ್ಸ್ ಫೋಲ್ಡರ್ ತೆಗೆದಿಡಲು ಬಾಯಿಬಿಟ್ಟು ಹೇಳಿ. ಬಿಲ್ಲನ್ನೂ ಕೇಳಿಯೇ ತೆಗೆದುಕೊಳ್ಳಿ, ಅವರಾಗಿ ಕೊಡುವುದಿಲ್ಲ.

ಮೆಟ್ಟಿಲು ಕಡಿದು. ಹತ್ತಲು ಆಗದವರು ಕೆಳಗಿನಿಂದ ಫೋನ್ ಮಾಡಿದರೆ ಆ ಹುಡುಗನೇ ಇಳಿದು ಬಂದು ಮಷೀನ್ ತೆಗೆದುಕೊಂಡು ಹೋಗುತ್ತಾನೆ. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತಾರೆ.