ಹಳೆ ಎಕ್ಸ್-ಮೆನ್ ಸಂಚಿಕೆ ಕೊಳ್ಳುವವರೇ, ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡದೆ ಒಂದು ರೂಪಾಯಿ ಕೊಡಬೇಡಿ

ಹಾಸನ, ಚಿಕ್ಕಮಗಳೂರು, ಅರಸೀಕೆರೆ ಕಡೆ ಹಳೆ ಅಮೆರಿಕನ್ ಕಾಮಿಕ್ಸ್ ಹುಡುಕುವವರು ಬೆರಳೆಣಿಕೆಯಷ್ಟು ಜನ. ಹೆಚ್ಚುಕಡಿಮೆ ಎಲ್ಲರಿಗೂ ಎಲ್ಲರ ಪರಿಚಯ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನಾಚಿಕೆಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಒಬ್ಬ ಮನುಷ್ಯ "ಎಸ್ಟೇಟ್ ಬಂಗಲೆ ಅಟ್ಟದಲ್ಲಿ ಸಿಕ್ಕಿದ್ದು" ಅಂತ ಹೇಳಿಕೊಂಡು ಎಕ್ಸ್-ಮೆನ್ (ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ತಂಡದ ಕಾಮಿಕ್ಸ್) 141 ಮತ್ತು 142ನೇ ಸಂಚಿಕೆ ಮಾರುತ್ತಿದ್ದಾನೆ. ಕೊಳ್ಳಬೇಡಿ. ದಯವಿಟ್ಟು ಕೊಳ್ಳಬೇಡಿ. 9,000 ರೂಪಾಯಿ ಕೊಟ್ಟು ನಾನು ಮನೆಗೆ ತಂದದ್ದು ಆ ಸಂಚಿಕೆಗಳೇ ಅಲ್ಲ. ಹೊಸ ಪುಸ್ತಕ ಹರಿದು, ಗೋಂದು ಹಾಕಿ ಅಂಟಿಸಿದ ಹಾಳೆಗಳು.

ಈ ಎರಡು ಸಂಚಿಕೆ ಯಾಕೆ ಬೇಕಿತ್ತು ಅಂತ ಗೊತ್ತಿರುವವರಿಗೆ ಹೇಳಬೇಕಿಲ್ಲ. 1981ರ ಜನವರಿ ಮತ್ತು ಫೆಬ್ರವರಿ ಸಂಚಿಕೆಗಳು. ಬರೆದವರು ಕ್ರಿಸ್ ಕ್ಲೇರ್‌ಮಾಂಟ್, ಚಿತ್ರ ಜಾನ್ ಬರ್ನ್ ಅವರದು. 'ಡೇಸ್ ಆಫ್ ಫ್ಯೂಚರ್ ಪಾಸ್ಟ್' ಕಥೆ, ಅಂದರೆ ರೋಬೋಟ್‌ಗಳು ಆಳುವ ಕೆಟ್ಟ ಭವಿಷ್ಯವನ್ನು ತಪ್ಪಿಸೋಕೆ ತಂಡದ ಒಬ್ಬರು ಹಿಂದಿನ ಕಾಲಕ್ಕೆ ಹೋಗುವುದು. ಎರಡೇ ಸಂಚಿಕೆಯಲ್ಲಿ ಮುಗಿದು ಹೋಗುತ್ತದೆ. ಈಗಿನವರಾಗಿದ್ದರೆ ಇದನ್ನೇ ಒಂದು ವರ್ಷ ಎಳೆಯುತ್ತಿದ್ದರು.

2014ರ ಸಿನಿಮಾ ಮಾತ್ರ ನೋಡಿದವರಿಗೆ ವುಲ್ವರಿನ್ 1973ಕ್ಕೆ ಹೋಗುವುದೇ ಕಥೆ. ಕಾಮಿಕ್ಸ್‌ನಲ್ಲಿ ಹೋಗುವುದು ಅವನಲ್ಲ, ಕಿಟ್ಟಿ ಪ್ರೈಡ್. ಭವಿಷ್ಯದಲ್ಲಿ ವಯಸ್ಸಾಗಿ ಕೇಟ್ ಅನ್ನಿಸಿಕೊಂಡ ಅದೇ ಕಿಟ್ಟಿಯ ಮನಸ್ಸು ಹಿಂದಕ್ಕೆ ಬಂದು, ತಂಡಕ್ಕೆ ಆಗಷ್ಟೇ ಸೇರಿದ ಹದಿಮೂರು ವರ್ಷದ ಕಿಟ್ಟಿಯ ಮೈಯೊಳಗೆ ಕೂರುತ್ತದೆ. ಚಿಕ್ಕ ಹುಡುಗಿ ಎದ್ದು ನಿಂತು "ನಾಳೆ ಎಲ್ಲರೂ ಸಾಯುತ್ತೀರಿ" ಅಂದರೆ ಯಾರು ನಂಬುತ್ತಾರೆ? ಕಥೆಯ ಬಿಗಿ ಇರುವುದೇ ಅಲ್ಲಿ. ಸಿನಿಮಾದವರು ಅದೇ ಕಿಟ್ಟಿಯನ್ನು ವುಲ್ವರಿನ್ ತಲೆ ಹಿಡಿದುಕೊಂಡು ಕೂರುವ ಕೆಲಸಕ್ಕೆ ಹಾಕಿದರು. ವುಲ್ವರಿನ್ ಆಗಿ ನಟಿಸಿದ ಹ್ಯೂ ಜಾಕ್‌ಮನ್ ಹೆಸರಿಗೆ ಟಿಕೆಟ್ ಹೋಗುತ್ತೆ, ಒಪ್ಪಿಕೊಂಡೆ. ಕ್ವಿಕ್‌ಸಿಲ್ವರ್‌ನ ಅಡುಗೆಮನೆ ದೃಶ್ಯಕ್ಕೆ ನಾನೂ ಶಿಳ್ಳೆ ಹೊಡೆದವನೇ. ಆದರೆ 142ರಲ್ಲಿ ವುಲ್ವರಿನ್ ಸುಟ್ಟು ಬರೀ ಅಸ್ಥಿಪಂಜರ ಉಳಿಯುವ ಪುಟ ಇದೆಯಲ್ಲ, ಆ ಧೈರ್ಯ ಸಿನಿಮಾಗೆ ಇಲ್ಲ. ಅಲ್ಲಿ ಕೊನೆಗೆ ಎಲ್ಲರನ್ನೂ ಎಬ್ಬಿಸಿ ಕೂರಿಸುತ್ತಾರೆ. ಕಾಮಿಕ್ಸ್‌ನಲ್ಲಿ ಆ ಕೆಟ್ಟ ಭವಿಷ್ಯ ನಿಜಕ್ಕೂ ತಪ್ಪಿತೋ ಇಲ್ಲವೋ, ಗಟ್ಟಿಯಾಗಿ ಹೇಳುವುದೇ ಇಲ್ಲ.

ಇಷ್ಟನ್ನೂ ನಾನು ಆ ಮಾರಾಟಗಾರನಿಗೆ ಉದ್ದದ ವಾಯ್ಸ್ ಮೆಸೇಜ್ ಮಾಡಿ ಹೇಳಿದ್ದೆ. ಇದು ನೆನಪಿರಲಿ, ಮುಂದೆ ಬರುತ್ತೆ.

ಅವನು ಸಿಕ್ಕಿದ್ದು ಹಳೆ ಪುಸ್ತಕ ಮಾರುವ ಒಂದು ವಾಟ್ಸಾಪ್ ಗುಂಪಿನಲ್ಲಿ. ಫೋಟೋ ಅಪ್ಪಟ ಒರಿಜಿನಲ್‌ನದು. ಹಳದಿ ಅಂಚು, ಮುಖಪುಟದ ಮೇಲೆ 50 ಸೆಂಟ್ಸ್ ಬೆಲೆ, ಎಲ್ಲ ಸರಿ. "ಚಿಕ್ಕಪ್ಪ ಅಮೆರಿಕದಿಂದ ತಂದಿದ್ದು ಸಾರ್. ಚಿಕ್ಕಮಗಳೂರು ಹತ್ರ ಎಸ್ಟೇಟ್ ಇದೆ. ಬಂಗಲೆ ರಿಪೇರಿ ಮಾಡ್ವಾಗ ಸಿಕ್ತು" ಅಂದ. ನಮ್ಮ ಕಡೆ ಇದು ನಂಬುವಂಥ ಮಾತೇ. ಬೆಲೆಯೂ ತೀರಾ ಕಮ್ಮಿ ಹೇಳಲಿಲ್ಲ. ಕಮ್ಮಿ ಹೇಳಿದ್ದರೆ ಆಗಲೇ ಅನುಮಾನ ಬರುತ್ತಿತ್ತು. ಚೌಕಾಸಿ ಮಾಡಿದೆ, ಇಳಿಸಿದ. 3,000 ಮುಂಗಡ ಫೋನ್‌ನಲ್ಲೇ ಹಾಕಿಸಿಕೊಂಡ. ಉಳಿದದ್ದು ಹಾಸನದ ಹೊಸ ಬಸ್ ಸ್ಟ್ಯಾಂಡ್‌ನಲ್ಲಿ ಕೈಗೆ ಕೊಟ್ಟಾಗ.

ಬಸ್ ಸ್ಟ್ಯಾಂಡ್‌ನಲ್ಲಿ ಅವನು ಕೊಟ್ಟಿದ್ದು ಪ್ಲಾಸ್ಟಿಕ್ ಕವರ್. ಒಳಗೆ ರಟ್ಟು, ಸುತ್ತ ಟೇಪ್. ನೋಡೋಕೆ ಪಕ್ಕಾ ಕಲೆಕ್ಟರ್ ಕೆಲಸ. ಬಿಚ್ಚೋಕೆ ಹೋದೆ.

"ಅಯ್ಯೋ ಬೇಡ ಸಾರ್! ಇಲ್ಲಿ ಧೂಳು. ಗಾಳಿ ತಾಗಿದ್ರೆ ವ್ಯಾಲ್ಯೂ ಬಿದ್ದೋಗುತ್ತೆ. ನಿಮಗೆ ಗೊತ್ತಲ್ಲ ಸಾರ್, ನೀವೇ ಕಲೆಕ್ಟರು."

ನೀವೇ ಕಲೆಕ್ಟರು! ಈ ಒಂದು ಮಾತಿಗೆ ನನ್ನ ಕೈ ನಿಂತಿತು. ಅಷ್ಟರಲ್ಲಿ ಬೇಲೂರು ಬಸ್ ಹೊರಡುತ್ತಿದೆ, ಇದು ತಪ್ಪಿದರೆ ಕಷ್ಟ ಅಂತ ಗಡಿಬಿಡಿ ಬೇರೆ. 6,000 ಹಾಕಿದೆ. ಅವನು ಬಸ್ ಹತ್ತಿದ. ನಾನು ಕವರನ್ನು ಎದೆಗೆ ಒತ್ತಿಕೊಂಡು ಆಟೋದಲ್ಲಿ ಬಂದೆ. ಮನೆಯಲ್ಲಿ "ಏನದು?" ಅಂದಾಗ "ಮುನ್ನೂರು ರೂಪಾಯಿ ಪುಸ್ತಕ" ಅಂದೆ. ಆ ಬೆಲೆಯೇ ಹೆಚ್ಚುಕಡಿಮೆ ಸರಿಯಾಗಿತ್ತು ಅಂತ ಆಮೇಲೆ ಗೊತ್ತಾಯಿತು.

ಬಿಚ್ಚಿದೆ. ಮೊದಲು ಮೂಗಿಗೆ ಬಡಿದದ್ದು ಗೋಂದಿನ ವಾಸನೆ. ಮಲೆನಾಡಿನ ಅಟ್ಟದಲ್ಲಿ ನಲವತ್ತು ಮಳೆಗಾಲ ಕಳೆದ ನ್ಯೂಸ್‌ಪ್ರಿಂಟ್ ಹೇಗಿರಬೇಕು? ಕಂದು ಬಣ್ಣಕ್ಕೆ ತಿರುಗಿ, ಬೂಷ್ಟು ಹಿಡಿದು, ಹುಳ ತಿಂದು, ಮುಟ್ಟಿದರೆ ಮುರಿಯುವ ಹಾಗೆ. ಇದು ಬೆಳ್ಳಗೆ, ನುಣ್ಣಗೆ, ಹೊಳೆಯುತ್ತಿತ್ತು. ಮುಖಪುಟ ಕಲರ್ ಝೆರಾಕ್ಸ್. ಒಳಗೆ ಕಥೆಯ ಮಧ್ಯೆ ಒಂದೇ ಒಂದು ಜಾಹೀರಾತು ಇಲ್ಲ. ಆ ಕಾಲದ ಅಮೆರಿಕನ್ ಕಾಮಿಕ್ಸ್‌ನಲ್ಲಿ ಕಥೆಯ ಮಧ್ಯೆ ಆಟಿಕೆ, ತಿಂಡಿ, ಅಂಚೆಯಲ್ಲಿ ತರಿಸೋ ಸಾಮಾನು, ಏನೇನೋ ಜಾಹೀರಾತು ಇರುತ್ತೆ. ಓದುಗರ ಪತ್ರಗಳೂ ಇರುತ್ತವೆ. ಇದರಲ್ಲಿ ಬರೀ ಕಥೆ.

ಆದರೂ ಮನಸ್ಸು ಒಪ್ಪಲಿಲ್ಲ. 141ರ ಕೊನೇ ಹಾಳೆ ಯಾಕೋ ದಪ್ಪ ಇತ್ತು. ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿದೆ. ಹಾಳೆಯ ಒಳಗಿಂದ ವುಲ್ವರಿನ್ ಕಾಣಿಸಿದ! ಸೆಂಟಿನೆಲ್ ರೋಬೋಟ್ ಅವನನ್ನು ಸುಡುತ್ತಿರುವ ಚಿತ್ರ. ಅದು 142ರ ಮುಖಪುಟ. 141ರ ಕೊನೇ ಹಾಳೆಯ ಬೆನ್ನಿಗೆ 142ರ ಮುಖಪುಟ ಬರೋಕೆ ಹೇಗೆ ಸಾಧ್ಯ? ಎರಡೂ ಸಂಚಿಕೆ ಒಂದೇ ಪುಸ್ತಕದಲ್ಲಿ ಒಂದರ ಹಿಂದೆ ಒಂದು ಅಚ್ಚಾಗಿದ್ದರೆ ಮಾತ್ರ. ಅಂದರೆ ಟ್ರೇಡ್ ಪೇಪರ್‌ಬ್ಯಾಕ್ (ಹಲವು ಸಂಚಿಕೆ ಸೇರಿಸಿ ಮತ್ತೆ ಅಚ್ಚು ಹಾಕಿದ ಪುಸ್ತಕ) ಒಂದನ್ನು ಹರಿದಿದ್ದಾನೆ. ಹಿಂದಿನ ಚಿತ್ರ ಮುಚ್ಚೋಕೆ ಯಾವುದೋ ಜಾಹೀರಾತಿನ ಝೆರಾಕ್ಸ್ ಅಂಟಿಸಿದ್ದಾನೆ. ಬೆನ್ನಿನಲ್ಲಿ ಎರಡು ಪಿನ್ ಹೊಡೆದಿದ್ದ, ಅದು ಬರೀ ಮುಖಪುಟಕ್ಕೆ. ನಡುಪುಟ ತೆರೆದರೆ ಪಿನ್ನೇ ಇಲ್ಲ, ಗೋಂದಿನ ಗೆರೆ. ಪ್ಯೂರ್ ಕಾಫಿ ಅಂತ ಹೇಳಿ ಚಿಕೋರಿ ಕೊಟ್ಟ ಹಾಗಾಯಿತು. 142ರ ಮುಖಪುಟದ ಮೇಲೆ ಈ ಸಂಚಿಕೆಯಲ್ಲಿ ಎಲ್ಲರೂ ಸಾಯುತ್ತಾರೆ ಅಂತ ದೊಡ್ಡದಾಗಿ ಬರೆದಿದೆ. ಆ ಹೊತ್ತಿಗೆ ನನಗೆ ಬೇರೆ ಯಾರೂ ಸಾಯಬೇಕಿರಲಿಲ್ಲ, ಅವನೊಬ್ಬ ಸಾಕಿತ್ತು.

ತಕ್ಷಣ ಮೆಸೇಜ್ ಮಾಡಿದೆ. ಉತ್ತರಗಳನ್ನು ಕೇಳಿ.

ಮೊದಲು: "ಸಾರ್ ಅದು ಡಿಲಕ್ಸ್ ಕಾಪಿ. ಚಂದಾದಾರರಿಗೆ ಜಾಹೀರಾತು ಇಲ್ಲದ್ದು ಕಳಿಸ್ತಿದ್ರು." ಅಂಥದ್ದೇನೂ ಇರಲಿಲ್ಲ ಅಂದೆ.

ಆಮೇಲೆ: "ಚಿಕ್ಕಪ್ಪನ್ನ ಕೇಳ್ತೀನಿ." ಕೇಳಿ ಅಂದೆ. "ಚಿಕ್ಕಪ್ಪ ತೀರ್ಕೊಂಡಿದ್ದಾರೆ ಸಾರ್."

ಕೊನೇ ಹಾಳೆಯ ಫೋಟೋ ಕಳಿಸಿದೆ. ಅರ್ಧ ಗಂಟೆ ಸುಮ್ಮನಿದ್ದು, "ನೀವೇ ಬದಲಾಯಿಸಿ ನನ್ನ ಮೇಲೆ ಹಾಕ್ತಿದೀರಾ" ಅಂದ. ನಾನು! ಒಂದು ಹಾಳೆ ಮಡಚಿದರೆ ರಾತ್ರಿ ನಿದ್ದೆ ಬಾರದವನು ನಾನು.

ದುಡ್ಡು ವಾಪಸ್ ಹಾಕು ಅಂದಾಗ ಬಂದದ್ದು ಇದು: "ಕಥೆ ಪೂರ್ತಿ ಇದೆ ತಾನೆ ಸಾರ್? ಒಂದು ಪುಟ ಕಮ್ಮಿ ಇದ್ರೆ ಹೇಳಿ. ಓದ್ಕೊಳ್ಳಿ. ಮಕ್ಕಳ ಪುಸ್ತಕಕ್ಕೆ ಇಷ್ಟೆಲ್ಲಾ ಯಾಕೆ?" ಆಮೇಲೆ ಬ್ಲಾಕ್.

ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಮಕ್ಕಳ ಪುಸ್ತಕ ಅಂದನಲ್ಲ! ಮಕ್ಕಳ ಪುಸ್ತಕಕ್ಕೆ 9,000 ತಗೊಳ್ಳುವಾಗ ನೆನಪಾಗಲಿಲ್ಲವಾ?

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ದೂರಿನ ಸಂಖ್ಯೆ ಬಂದಿದೆ, ಅಷ್ಟೇ. ಏನಾಯಿತು ಅಂತ ವಿವರಿಸೋದು ಇನ್ನೊಂದು ಅವಮಾನ. "ಎಕ್ಸ್-ಮೆನ್ 141ರ ಕೊನೇ ಹಾಳೆ ಹಿಂದೆ 142ರ ಮುಖಪುಟ ಇದೆ ಮೇಡಂ" ಅಂದರೆ ಆ ಕಡೆಯವರು ಏನು ಬರೆದುಕೊಳ್ಳಬೇಕು ಪಾಪ? "ಪುಸ್ತಕ ಬಂದಿದೆ ಅಲ್ವಾ ಸಾರ್?" ಅಂತ ಎರಡು ಸಲ ಕೇಳಿದರು.

ನಿಜವಾಗಿ ಹೊಟ್ಟೆ ಉರಿದದ್ದು ಇದಕ್ಕಲ್ಲ. ಮೊನ್ನೆ ಅರಸೀಕೆರೆಯ ಗೆಳೆಯನೊಬ್ಬ ಒಂದು ಮೆಸೇಜ್ ಫಾರ್ವರ್ಡ್ ಮಾಡಿ "ಈ ಸೆಟ್ ತಗೊಳ್ಳಲಾ?" ಅಂತ ಕೇಳಿದ. ಅದೇ 141, 142. ಅದೇ ಫೋಟೋ. ಕೆಳಗೆ ಬರೆದಿತ್ತು: "ಸಿನಿಮಾದಲ್ಲಿ ವುಲ್ವರಿನ್ ಹೋಗ್ತಾನೆ, ಒರಿಜಿನಲ್‌ನಲ್ಲಿ ಹೋಗೋದು ಕಿಟ್ಟಿ. ಕಥೆಯ ಬಿಗಿ ಇರೋದೇ ಅಲ್ಲಿ. ನಿಜವಾದ ಅಭಿಮಾನಿಗಳಿಗೆ ಮಾತ್ರ."

ನನ್ನ ಮಾತು! ನಾನು ವಾಯ್ಸ್ ಮೆಸೇಜ್‌ನಲ್ಲಿ ಹೇಳಿದ್ದು, ಹಾಗೇ ಇಳಿಸಿದ್ದಾನೆ. ನನ್ನ ಹತ್ತಿರ ಮಾತಾಡುವಾಗ ಸಿನಿಮಾವನ್ನೂ ನೆಟ್ಟಗೆ ನೋಡಿರಲಿಲ್ಲ, "ವುಲ್ವರಿನ್ ಅಂದ್ರೆ ಆ ಉಗುರಿನವನು ತಾನೆ ಸಾರ್" ಅಂದವನು. ನನ್ನ ದುಡ್ಡೂ ತಗೊಂಡ, ನನ್ನ ಮಾತನ್ನೂ ತಗೊಂಡು ಈಗ ಅದರಲ್ಲೇ ಮುಂದಿನವನಿಗೆ ಬಲೆ ಹಾಕಿದ್ದಾನೆ.

ಗೆಳೆಯ ಬಚಾವಾದ. ನೀವೂ ನೋಡಿಕೊಳ್ಳಿ. ನಡುಪುಟ ತೆರೆಸಿ. ಒರಿಜಿನಲ್ ಆದರೆ ಹಾಳೆಗಳು ಮಡಿಕೆಯಾಗಿರುತ್ತವೆ, ಮಧ್ಯದಲ್ಲಿ ಎರಡು ಪಿನ್ ಕಾಣುತ್ತವೆ. ಜಾಹೀರಾತು ಇರಬೇಕು. ಆದರೆ ಜಾಹೀರಾತು ಇದೆ ಅಂತ ಪೂರ್ತಿ ನಂಬಲೂ ಬೇಡಿ. ಮಾರ್ವೆಲ್‌ನವರೇ ಹಳೆ ಸಂಚಿಕೆಗಳನ್ನು ಜಾಹೀರಾತು ಸಮೇತ 'ಫ್ಯಾಕ್ಸಿಮಿಲಿ' ಅಂತ ಮತ್ತೆ ಅಚ್ಚು ಹಾಕುತ್ತಾರೆ. ಒಳಗಿನ ಸಣ್ಣ ಅಕ್ಷರ ಓದಿ. ಬಿಚ್ಚಬೇಡಿ ಅಂದವನ ಹತ್ತಿರ ಕೊಳ್ಳಲೇಬೇಡಿ. ಬಸ್ ಹೋಗುತ್ತೆ ಅಂದರೆ ಹೋಗಲಿ, ಬೇಲೂರಿಗೆ ಬಸ್‌ಗೇನು ಬರವಾ?

ಈಗ ಅವನು ಹೊಸ ನಂಬರಿನಿಂದ 1991ರ 'ಇನ್ಫಿನಿಟಿ ಗಾಂಟ್ಲೆಟ್'ನ ಆರೂ ಸಂಚಿಕೆ ಇದೆ ಅಂತ ಹಾಕಿದ್ದಾನಂತೆ. ಪರೀಕ್ಷೆ ಮಾಡೋಕೆ, ಆ ಕಥೆಯ ಖಳ ಥ್ಯಾನೋಸ್ ಯಾಕೆ ಅರ್ಧ ಜೀವಿಗಳನ್ನು ಅಳಿಸಿದ ಅಂತ ಕೇಳಬೇಕು ಅಂತ ನಿಮಗೆ ಅನ್ನಿಸಬಹುದು. ಅನ್ನ ನೀರು ಎಲ್ಲರಿಗೂ ಸಾಲಲ್ಲ ಅಂತ ಅಂದರೆ ಸಿನಿಮಾ ನೋಡಿದ್ದಾನೆ ಅಂತ ಅರ್ಥ. ಸಾವು ಅನ್ನೋ ಹೆಣ್ಣನ್ನು ಒಲಿಸಿಕೊಳ್ಳೋಕೆ ಅಂತ ಕಾಮಿಕ್ಸ್‌ನ ಉತ್ತರವನ್ನೇ ಹೇಳಿದರೂ ನಂಬಬೇಡಿ. ನಮ್ಮಂಥ ಇನ್ನೊಬ್ಬನ ಹತ್ತಿರ ಕೇಳಿ ಕಲಿತಿರುತ್ತಾನೆ. ಪಿನ್ ನೋಡಿ.